ಹುಸೇನಬಿಯ ಹೆಸರಿನಲ್ಲಿ ಸುಟ್ಟ ಕೈ

ಅವ್ವನ ಬಲ ಅಂಗೈ ಕಾದ ಹಂಚಿನ ಮೇಲೆ ಊರಿದ್ದು ಒಂದು ಶುಕ್ರವಾರ ಮಧ್ಯಾಹ್ನ. ಎಷ್ಟು ಹೊತ್ತು ಎಂದು ಡಾಕ್ಟರು ಕೇಳಿದರು. ಅವ್ವ ಸ್ವಲ್ಪ ಯೋಚನೆ ಮಾಡಿದಳು.

"ರೊಟ್ಟಿ ಹೊಳ್ಳಿ ಹಾಕೂವಷ್ಟು ಹೊತ್ರಿ."

ನಾನು ಆಗ ಕೊಪ್ಪಳದ ಒಂದು ಸೊಸೈಟಿಯ ಕೌಂಟರಿನಲ್ಲಿ ಕೆಲಸದ ಮೇಲಿದ್ದೆ. ಅವ್ವನ ಸಂಗಡ ರೊಟ್ಟಿ ಬಡಿಯುವ ಹೆಂಗಸೊಬ್ಬಳು ಫೋನ್ ಮಾಡಿದಳು. "ಶಾಂತಾ, ನಿಮ್ಮವ್ವ ಕಾಲು ಜಾರಿ ಬಿದ್ಲವಾ. ಕೈ ಹಂಚಿನ ಮ್ಯಾಲ ಊರ್ಯಾಳ. ದೊಡ್ಡಾಸ್ಪತ್ರಿಗೆ ಕರ್ಕೊಂಡು ಹೊಂಟಾರ. ಲಗೂನ ಬಾ."

ಓಡಿದೆ. ಕ್ಯಾಜುವಾಲ್ಟಿಯಲ್ಲಿ ಅವ್ವ ಅಂಗೈ ಮೇಲೆ ಮಾಡಿಕೊಂಡು, ಪ್ರಸಾದಕ್ಕೆ ಕೈಯೊಡ್ಡಿದವಳ ಹಾಗೆ ಕೂತಿದ್ದಳು. ಅಳುತ್ತಿರಲಿಲ್ಲ. ಅಂಗೈ ಕೆಲವು ಕಡೆ ಬೆಳ್ಳಗೆ, ಕೆಲವು ಕಡೆ ಕಂದಾಗಿತ್ತು. ನರ್ಸ್ ಕಾಗದ ನೋಡಿ ಕೂಗಿದರು: "ಹುಸೇನಬಿ ಯಾರ್ರಿ?"

"ನಾನ್ರಿ," ಎಂದಳು ಅವ್ವ.

ನಮ್ಮವ್ವನ ಹೆಸರು ಹನುಮವ್ವ.

ಇದನ್ನು ಬಿಡಿಸಿ ಹೇಳಬೇಕು. ನಮ್ಮೂರು ಕಿನ್ನಾಳ. ಅಪ್ಪ ನಾನು ಹೈಸ್ಕೂಲಿನಲ್ಲಿರುವಾಗ ತೀರಿಕೊಂಡ. ಅಲ್ಲಿಂದ ಅವ್ವ ರೊಟ್ಟಿ ಬಡಿದೇ ನನ್ನನ್ನು ಓದಿಸಿದಳು. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಗಂಗಾವತಿಯ ಪಂಪಣ್ಣ ಎಂಬವರದು ಒಂದು ಏಜೆನ್ಸಿ. ಹೆದ್ದಾರಿಯ ರೆಸ್ಟೋರೆಂಟುಗಳಿಗೆ ಬೇಕಾದ ದಿನ ಬೇಕಾದಷ್ಟು ಜನ ಕಳಿಸುವುದು ಅವರ ಕೆಲಸ. ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬಂದರೆ ಹುಲಿಗಿಯ ದೇವಿ ಗುಡಿಗೆ ಹೋಗುವ ಭಕ್ತರು ಊಟಕ್ಕೆ ಮುಗಿಬೀಳುತ್ತಾರೆ. ಆ ದಿನಗಳಲ್ಲಿ ಪಂಪಣ್ಣನವರ ಟೆಂಪೋ ನಮ್ಮೂರಿಗೂ ಬರುತ್ತದೆ.

ಟೆಂಪೋ ಹತ್ತುವ ಹೆಂಗಸರಲ್ಲಿ ಒಂದು ರೂಢಿಯಿತ್ತು. ಹೊಲದಲ್ಲಿ ಮುಯ್ಯಾಳು ಹೋಗುತ್ತಾರಲ್ಲ, ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು, ಅದೇ ಮುಯ್ಯಿಯನ್ನು ಇವರು ರೆಸ್ಟೋರೆಂಟಿಗೂ ಒಯ್ದಿದ್ದರು. ಒಬ್ಬಳಿಗೆ ಆಗದಿದ್ದರೆ ಇನ್ನೊಬ್ಬಳು ಆಕೆಯ ಪಾಳಿ ಮಾಡುವುದು. ರಿಜಿಸ್ಟರಿನಲ್ಲಿ ಮಾತ್ರ ಪಾಳಿಯವಳ ಹೆಸರೇ. ಆ ಶುಕ್ರವಾರ ಪಾಳಿ ಹುಸೇನಬಿ ದೊಡ್ಡವ್ವನದು. ಆಕೆ ನಮ್ಮ ಪಕ್ಕದ ಮನೆಯವಳು. ಮಗಳ ಹೆರಿಗೆಗೆಂದು ಯಲಬುರ್ಗಾಕ್ಕೆ ಹೋಗಿದ್ದಳು. ಅವ್ವ ಮುಯ್ಯಿಗೆ ಹೋಗಿದ್ದಳು. ಆಸ್ಪತ್ರೆಗೆ ಕರೆತಂದ ಸೂಪರ್‌ವೈಸರ್ ರಿಜಿಸ್ಟರ್ ನೋಡಿ ಹೆಸರು ಬರೆಸಿದ್ದ.

"ಯವ್ವಾ, ನಿನ್ನ ಹೆಸರು ಹೇಳಬೇಕಿಲ್ಲೊ?"

"ಸುಮ್ಮನಿರ. ಹೇಳಿದ್ರ ಅಕ್ಕನ ಪಾಳಿ ತಗದ್ ಬಿಡ್ತಾರ."

ಸುಟ್ಟ ಕೈ ಮುಂದಿಟ್ಟುಕೊಂಡು ಪಕ್ಕದ ಮನೆಯವಳ ಪಾಳಿಯ ಚಿಂತೆ.

ಒಂದೂವರೆ ತಿಂಗಳು ಡ್ರೆಸ್ಸಿಂಗ್ ಆಯಿತು. ಗಾಯ ಮುಚ್ಚಿತು. ನಾವು ಖುಷಿಪಟ್ಟೆವು. ಆಮೇಲೆ ಬೆರಳುಗಳು ಒಳಗೆ ಸೇದಿಕೊಳ್ಳತೊಡಗಿದವು. ಮೊದಲು ಕಿರುಬೆರಳು, ಆಮೇಲೆ ಅದರ ಪಕ್ಕದ್ದು, ಆಮೇಲೆ ನಡುವಿನದು. ಬೆರಳು ನೆಟ್ಟಗಿಡಲು ಸ್ಪ್ಲಿಂಟ್ ಕಟ್ಟಿದರೂ ನಿಲ್ಲಲಿಲ್ಲ. ನಾನೇ ಅವ್ವನ ತಲೆ ಬಾಚಿದೆ, ಸೀರೆ ಉಡಿಸಿದೆ, ತುತ್ತು ಮಾಡಿ ಉಣಿಸಿದೆ. ಉಣಿಸುವಾಗ ಅವ್ವ ನನ್ನ ಮುಖ ನೋಡುತ್ತಿರಲಿಲ್ಲ, ಗೋಡೆ ನೋಡುತ್ತಿದ್ದಳು. ರೊಟ್ಟಿಯನ್ನೂ ನಾನೇ ಬಡಿಯಬೇಕಾಯಿತು. ನಾಲ್ಕು ಮೂಲೆಯ ನನ್ನ ರೊಟ್ಟಿ ನೋಡಿ, "ಇದು ಬಿ.ಕಾಂ. ರೊಟ್ಟಿ ಏನವಾ?" ಎಂದು ಅವ್ವ ನಕ್ಕದ್ದೊಂದೇ ಆ ದಿನಗಳ ನಗು.

ಡಾಕ್ಟರಮ್ಮ ನೇರವಾಗಿ ಹೇಳಿದರು. "ಇದು ಕಾಂಟ್ರಾಕ್ಚರ್, ಸುಟ್ಟ ಚರ್ಮ ಕುಗ್ಗಿ ಬೆರಳನ್ನ ಎಳೀತಿದೆ. ಅದನ್ನ ಬಿಡಿಸಿ ತೊಡೆಯ ಚರ್ಮ ತೆಗೆದು ಗ್ರಾಫ್ಟ್ ಹಾಕಬೇಕು. ಹುಬ್ಬಳ್ಳಿಯಲ್ಲಿ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಮಾಡಿಸಿ. ತಡ ಮಾಡಿದರೆ ಜಾಯಿಂಟ್ ಗಟ್ಟಿಯಾಗುತ್ತೆ. ಆಮೇಲೆ ಬೆರಳು ಬಿಚ್ಚೋದಿಲ್ಲ."

"ರೊಟ್ಟಿ ಬಡಿಯಾಕ ಬರ್ತೈತೇನ್ರಿ?" ಅವ್ವ ಕೇಳಿದ್ದು ಅದೊಂದೇ.

"ಈಗ ಮಾಡಿಸಿದರೆ ಬರಬಹುದು."

ಸರ್ಕಾರದ ಆರೋಗ್ಯ ಕಾರ್ಡಿನಲ್ಲಿ ಹನುಮವ್ವ, ಆಸ್ಪತ್ರೆಯ ಫೈಲಿನಲ್ಲಿ ಹುಸೇನಬಿ. ಕಾರ್ಡು ನಡೆಯಲಿಲ್ಲ.

ಹುಸೇನಬಿ ದೊಡ್ಡವ್ವ ಸುದ್ದಿ ತಿಳಿದ ಮರುದಿನವೇ ಊರಿಗೆ ಬಂದಿದ್ದಳು. ಅವ್ವನ ಕೈ ನೋಡಿ ಹೊಸ್ತಿಲಲ್ಲೇ ಕೂತುಬಿಟ್ಟಳು. ಆಪರೇಷನ್ ಮಾತು ಬಂದಾಗ ಆಕೆಯೇ ನನ್ನನ್ನು ಎಬ್ಬಿಸಿಕೊಂಡು ಗಂಗಾವತಿಗೆ ಹೊರಟಳು.

ಪಂಪಣ್ಣ ಕೆಟ್ಟವರಲ್ಲ. ಚಹಾ ತರಿಸಿದರು. "ನೋಡ ತಂಗಿ, ಕೆಲಸದೋರಿಗಂತ ಇನ್ಸೂರೆನ್ಸ್ ಐತಿ. ರಿಜಿಸ್ಟರಿನ್ಯಾಗೂ ಹುಸೇನಬಿ, ಆಸ್ಪತ್ರಿ ಕಾಗದದಾಗೂ ಹುಸೇನಬಿ. ತಾನಾ ಕೂಡಿ ಬಂದೈತಿ. ಆಕಿ ಹೆಸರ್ಲೇ ಹಾಕೂಣು. ನೀ ಯಾಕ ಕೆದರ್ತಿ?"

ದೊಡ್ಡವ್ವ ಎರಡೂ ಅಂಗೈ ಚಾಚಿದಳು. "ಇನ್ಸೂರೆನ್ಸಿನೋರು ಕೈ ತೋರ್ಸು ಅಂದ್ರ ಏನ್ ತೋರಸ್ಲೋ ಪಂಪಣ್ಣ? ಹಂಚು ಕಾಯಿಸು, ಇಟ್ಕೊಂಡ್ ಬರ್ತೀನಿ."

ಪಂಪಣ್ಣ ಚಹಾದ ಲೋಟ ಕೆಳಗಿಟ್ಟರು.

ನಾನು ಪಾಲಿಸಿ ಕೊಡಿ ಎಂದೆ. ಅವರು ಗೋಡೆ ತೋರಿಸಿದರು. ಮೊದಲ ಹಾಳೆಗೆ ಲ್ಯಾಮಿನೇಷನ್ ಮಾಡಿಸಿ, ದೇವರ ಫೋಟೋದ ಪಕ್ಕ ಮೊಳೆ ಹೊಡೆದಿದ್ದರು.

"ಉಳಿದ ಹಾಳಿ ಎಲ್ಲಿ ಅದಾವಣ್ಣ?"

"ಅದೇನಿರ್ತೈತಿ ತಂಗಿ, ಎಲ್ಲಾ ಸಣ್ಣಕ್ಷರ. ರೆಸ್ಟೋರೆಂಟಿನೋರು ಕೇಳ್ತಾರಂತ ಮಾಡ್ಸಿದ್ದು. ಯಾರ್ ಓದ್ತಾರ?"

ನಾನು ಓದುತ್ತೇನೆ ಎಂದೆ.

ಏಪ್ರನ್ನುಗಳ ಗಂಟಿನ ಕೆಳಗೆ ಆ ಹಾಳೆಗಳು ಸಿಕ್ಕವು. ಇಂಗ್ಲಿಷು. ಅವರ ಬೆಂಚಿನ ಮೇಲೆ ಕೂತು, ತಿಳಿಯದ ಶಬ್ದಗಳನ್ನು ಮೊಬೈಲಿನಲ್ಲಿ ಹುಡುಕುತ್ತ ಓದಿದೆ. ಕಾಲೇಜಿನಲ್ಲಿ ವಿಮೆಯ ಮೇಲೆ ಒಂದು ಪೇಪರ್ ಇತ್ತು. ಅದರಲ್ಲಿ ನನಗೆ ಬಂದದ್ದು ಪಾಸಾಗುವಷ್ಟು ಮಾತ್ರ. ಆದರೆ ಪರೀಕ್ಷೆಗೆ ಓದುವುದೇ ಬೇರೆ, ಮನೆಯಲ್ಲಿ ಅವ್ವನ ಬೆರಳುಗಳು ದಿನಕ್ಕಿಷ್ಟು ಮುಚ್ಚಿಕೊಳ್ಳುತ್ತಿರುವಾಗ ಓದುವುದೇ ಬೇರೆ. ಒಂದೊಂದು ಸಾಲನ್ನೂ ಎರಡು ಸಲ ಓದಿದೆ. ದೊಡ್ಡವ್ವ ಪಕ್ಕದಲ್ಲಿ ಎಲೆ ಅಡಿಕೆ ಜಗಿಯುತ್ತ, "ಸಿಕ್ತೇನು? ಸಿಕ್ತೇನು?" ಅನ್ನುತ್ತಿದ್ದಳು.

ನಾಲ್ಕನೇ ಹಾಳೆಯಲ್ಲಿ ಸಿಕ್ಕಿತು. ವಿಮೆ ಯಾರಿಗೆ ಎಂಬ ಜಾಗದಲ್ಲಿ ಒಂದೇ ಸಾಲು: ತಾತ್ಕಾಲಿಕ ಅಡುಗೆಮನೆ ಕೆಲಸಗಾರರು, ಇಪ್ಪತ್ತು ಜನ.

ಹೆಸರುಗಳೇ ಇರಲಿಲ್ಲ.

ಮತ್ತೆ ಓದಿದೆ. ಹಿಂದೆ ಮುಂದೆ ತಿರುವಿದೆ. ಎಲ್ಲಿಯೂ ಒಬ್ಬರ ಹೆಸರಿಲ್ಲ. ದಿನವೂ ಜನ ಬದಲಾಗುವ ಏಜೆನ್ಸಿಗೆ ಹೆಸರಿಲ್ಲದ ಪಾಲಿಸಿ ಮಾಡಿಕೊಟ್ಟಿದ್ದರು. ಕೆಲಸದ ಮೇಲಿದ್ದವರು ಇಪ್ಪತ್ತು ದಾಟಿರಬಾರದು, ಅಷ್ಟೇ. ಅದರ ಕೆಳಗೆ ಇನ್ನೊಂದು ಸಾಲು, ಚಿಕಿತ್ಸೆಯ ಖರ್ಚೂ ಸೇರಿದೆ ಎಂದು.

"ಪಂಪಣ್ಣಾ, ಆ ಶುಕ್ರವಾರ ಎಷ್ಟ್ ಮಂದಿ ಕಳ್ಸಿದ್ರಿ?"

ಸೂಪರ್‌ವೈಸರ್ ದಿನಾ ಬೆಳಿಗ್ಗೆ ಟೆಂಪೋ ಮುಂದೆ ಎಲ್ಲರನ್ನೂ ನಿಲ್ಲಿಸಿ ಫೋಟೋ ಹೊಡೆದು ಅವರಿಗೆ ಕಳಿಸುತ್ತಾನೆ. ಪಂಪಣ್ಣ ಮೊಬೈಲ್ ಹಿಂದಕ್ಕೆ ಸರಿಸುತ್ತ ಹೋಗಿ ಆ ದಿನದ ಫೋಟೋ ತೆಗೆದರು. ಹದಿನೆಂಟು ಜನ. ಎಡಗಡೆಯಿಂದ ಮೂರನೆಯವಳು ಅವ್ವ. ತಲೆಗೆ ಕೆಲಸದ ಟೋಪಿ, ಎರಡೂ ಕೈ ಸೊಂಟದ ಮೇಲೆ. ಬಲಗೈ ಚೆನ್ನಾಗಿರುವ ಕೊನೆಯ ಫೋಟೋ ಅದು. ನನಗೆ ಬಹಳ ಹೊತ್ತು ನೋಡಲಾಗಲಿಲ್ಲ.

ಇನ್ಸೂರೆನ್ಸ್ ಆಫೀಸಿಗೆ ಹೋಗುವ ಮೊದಲು ಅವ್ವ ಮತ್ತು ದೊಡ್ಡವ್ವ ಇಬ್ಬರಿಂದಲೂ ಅಫಿಡವಿಟ್ ಮಾಡಿಸಿದೆ. ಅದನ್ನು ಆಸ್ಪತ್ರೆಗೂ ಕೊಟ್ಟೆ. ಇವರು ಹನುಮವ್ವ, ಇದೇ ಕೈಗೆ ನಾವು ಚಿಕಿತ್ಸೆ ಕೊಟ್ಟದ್ದು ಎಂದು ಡಾಕ್ಟರಮ್ಮ ಬರೆದುಕೊಟ್ಟರು. ಸುಳ್ಳು ಹೆಸರಿನಲ್ಲಿ ಚಿಕಿತ್ಸೆ ಪಡೆದದ್ದು ತಪ್ಪು ಎಂದು ಅವ್ವನನ್ನು ಗದರಿಸಿಯೇ ಕೊಟ್ಟರು. ಆ ಗದರಿಕೆ ನ್ಯಾಯವೇ.

ಆಫೀಸರು ಎಲ್ಲ ಓದಿ ಕನ್ನಡಕ ತೆಗೆದರು. "ರಿಜಿಸ್ಟರಿನ್ಯಾಗ ಇವರ ಹೆಸರೇ ಇಲ್ಲಲ್ಲಮ್ಮ. ಹೆಂಗ ಕೊಡೂದು?"

"ಪಾಲಿಸಿಯೊಳಗ ಯಾರ ಹೆಸರೈತ್ರಿ ಸರ?"

ಅವರು ಪಾಲಿಸಿ ತಿರುವಿದರು. ನಾನು ಫೋಟೋ ಮುಂದಿಟ್ಟೆ. ಪೆನ್ನಿನ ತುದಿಯಿಂದ ಒಂದೊಂದೇ ತಲೆ ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಆಮೇಲೆ ಅವ್ವನ ಕಡೆ ನೋಡಿದರು. ಅವ್ವ ಕೇಳುವ ಮೊದಲೇ ಸೆರಗಿನಿಂದ ಕೈ ಹೊರಗೆ ತೆಗೆದು ಮೇಜಿನ ಮೇಲೆ ಇಟ್ಟಳು.

"ಇದೇ ನೋಡ್ರಿ ರಿಜಿಸ್ಟರು," ಎಂದಳು ಹುಸೇನಬಿ ದೊಡ್ಡವ್ವ.

ಆಫೀಸರು ನಗು ತಡೆದುಕೊಂಡದ್ದು ನನಗೆ ಕಂಡಿತು. "ನೀವು ವಕೀಲರೇನಮ್ಮಾ?" ಎಂದು ನನ್ನನ್ನು ಕೇಳಿದರು.

"ಅಲ್ರಿ ಸರ. ಇವರ ಮಗಳು. ಬಿ.ಕಾಂ."

ಹಾಗೆ ಹೇಳಿದಾಗ ನನ್ನ ದನಿ ಬೇಕಾದದ್ದಕ್ಕಿಂತ ಜೋರಾಗಿತ್ತು. ಇರಲಿ.

ಆಮೇಲೆ ಅವರ ಕಡೆಯವರೊಬ್ಬರು ರೆಸ್ಟೋರೆಂಟಿಗೆ ಹೋಗಿ ವಿಚಾರಿಸಿದರು. ಅವ್ವ ಬಿದ್ದದ್ದನ್ನು ಕಂಡವರೆಲ್ಲ ಕಂಡದ್ದನ್ನೇ ಹೇಳಿದರು. ಮೂರು ವಾರ ನನಗೆ ಊಟ ಸೇರಲಿಲ್ಲ. ಅವ್ವನ ನಡುಬೆರಳು ಇನ್ನಷ್ಟು ಬಾಗಿತು. ಕೊನೆಗೆ ಒಂದು ಬುಧವಾರ ಪಂಪಣ್ಣ ತಾವೇ ಕಿನ್ನಾಳಕ್ಕೆ ಬಂದರು. ಓಣಿಯ ತುದಿಯಿಂದಲೇ ಕೂಗಿದರು. "ಹನುಮಕ್ಕಾ, ಪಾಸಾತು! ಹುಬ್ಬಳ್ಳಿಗೆ ಗಂಟು ಕಟ್ಟು!"

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನರ್ಸ್ ಅವ್ವನ ಎಡಗೈಗೆ ಹೆಸರಿನ ಪಟ್ಟಿ ಕಟ್ಟುವಾಗ ಹೆಸರೇನು ಎಂದು ಕೇಳಿದರು.

"ಹನುಮವ್ವ. ಕಿನ್ನಾಳದಾಕಿ. ಬರಕೋರಿ, ನಂದಾ ಹೆಸರು," ಎಂದಳು ಅವ್ವ. ವಾರ್ಡಿನಲ್ಲಿ ಎಲ್ಲರೂ ತಿರುಗಿ ನೋಡಿದರು.

ಆಪರೇಷನ್ ನಾವಂದುಕೊಂಡದ್ದಕ್ಕಿಂತ ಸಲೀಸಾಯಿತು. ಆಮೇಲಿನದು ಕಷ್ಟವಿತ್ತು. ತೊಡೆಯ ಗಾಯದ ಉರಿ, ತಿಂಗಳುಗಟ್ಟಲೆ ಸ್ಪ್ಲಿಂಟ್, ಕಣ್ಣಲ್ಲಿ ನೀರು ತರಿಸುವ ಫಿಸಿಯೋಥೆರಪಿ. ಹಿಸುಕಲು ಕೊಟ್ಟ ರಬ್ಬರ್ ಚೆಂಡನ್ನು ಅವ್ವ ಓಣಿಯ ಮಕ್ಕಳಿಗೆ ಕೊಟ್ಟುಬಿಟ್ಟಳು. ಅದರ ಬದಲು ಜೋಳದ ಹಿಟ್ಟಿನ ಮುದ್ದೆ ಹಿಸುಕಿದಳು. ಫಿಸಿಯೋಥೆರಪಿಸ್ಟ್ ಮೊದಲು ಸಿಟ್ಟಾದರು. ಬೆರಳು ನೋಡಿದ ಮೇಲೆ, ಅದನ್ನೇ ಮುಂದುವರಿಸಿ ಎಂದರು.

ಪಂಪಣ್ಣನವರ ರಿಜಿಸ್ಟರಿಗೆ ಈಗ ಹೊಸದೊಂದು ಕಾಲಂ ಇದೆ: ಯಾರ ಬದಲಿಗೆ ಯಾರು. ಗೆರೆ ಹಾಕಿಕೊಟ್ಟವಳು ನಾನೇ. ಮುಯ್ಯಿ ನಿಂತಿಲ್ಲ, ನಿಲ್ಲಬೇಕೆಂದು ನಾನು ಹೇಳಿಯೂ ಇಲ್ಲ. ಬಂದವಳು ತನ್ನ ಹೆಸರು ಬರೆಸುತ್ತಾಳೆ. ಹುಸೇನಬಿ ದೊಡ್ಡವ್ವನ ಪಾಳಿಯೂ ಹೋಗಲಿಲ್ಲ.

ಎಲ್ಲ ಮೊದಲಿನಂತಾಗಿದೆ ಎಂದರೆ ಸುಳ್ಳಾಗುತ್ತದೆ. ಚಳಿಗೆ ಅಂಗೈ ಬಿಗಿಯುತ್ತದೆ. ಕಿರುಬೆರಳು ಪೂರ್ತಿ ಚಾಚುವುದಿಲ್ಲ, ಇನ್ನು ಚಾಚಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದಾರೆ.

ಹೋದ ಭಾನುವಾರ ಬೆಳಿಗ್ಗೆ ಒಳಗಿನಿಂದ ಸದ್ದು ಬಂತು. ಟಪ್, ಟಪ್, ಟಪ್. ಆ ಸದ್ದು ಕೇಳುತ್ತಲೇ ನಾನು ಹತ್ತನೇ ತರಗತಿ ಓದಿದ್ದು, ಬಿ.ಕಾಂ. ಮುಗಿಸಿದ್ದು. ಎದ್ದು ಹೋಗಿ ಬಾಗಿಲಲ್ಲಿ ನಿಂತೆ. ಅವ್ವ ಬಲಗೈಯಿಂದಲೇ ಬಡಿಯುತ್ತಿದ್ದಳು, ನಿಧಾನವಾಗಿ. ಹುಸೇನಬಿ ದೊಡ್ಡವ್ವ ಒಲೆಯ ಮುಂದೆ ಹಂಚು ಕಾಯುತ್ತ ಕೂತಿದ್ದಳು. ಅವ್ವನನ್ನು ಹಂಚಿನ ಹತ್ತಿರ ಬಿಡುತ್ತಿರಲಿಲ್ಲ.

ಅವ್ವ ರೊಟ್ಟಿ ಎತ್ತಿ ನೋಡಿದಳು. "ಕಿರುಬಳ್ಳಿನ ಕಡೆ ಅಂಚು ದಪ್ಪ ಆಗೇತಿ ನೋಡಕ್ಕ."

"ಕೊಡಿಲ್ಲೆ," ಎಂದಳು ದೊಡ್ಡವ್ವ. ಬೇಯಿಸಿ, ಉಬ್ಬಿಸಿ, ಮುರಿದು ದಪ್ಪನೆಯ ಅಂಚನ್ನೇ ನನ್ನ ಕೈಗಿಟ್ಟಳು.

ಕಚ್ಚಿದೆ. ದಪ್ಪವಿದ್ದರೂ ಒಳಗೆ ಬೆಂದಿತ್ತು.