ರೆಕಾರ್ಡಿನ ನಡುವಿನ ಎರಡು ಮಗ್ಗುಲು

ನಾನು ಶಾಲೆ ಬಿಟ್ಟದ್ದು 1987ರಲ್ಲಿ, ಎಂಟನೆಯ ಇಯತ್ತೆಯ ಅರ್ಧಕ್ಕೆ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನ ಮಾತು ಸಲೀಸು. ಏಕೆಂದರೆ ನನ್ನ ಮನೆಗೆ ಬಂದವರು ಗೋಡೆಗುಂಟ ನಿಲ್ಲಿಸಿಟ್ಟ ರೆಕಾರ್ಡುಗಳಲ್ಲಿ ಒಂದನ್ನು ಎಳೆದು, ಹೊದಿಕೆಯ ಮೇಲೆ ಕಣ್ಣು ಮುಚ್ಚಿ ತುತ್ತೂರಿ ಊದುತ್ತಿರುವ ಪರದೇಶದವನನ್ನು ನೋಡಿ, ಆಮೇಲೆ ನನ್ನನ್ನು ನೋಡಿ, ಕೊನೆಗೆ ಕೇಳುವುದು ಒಂದೇ ಪ್ರಶ್ನೆ: ನಿಮ್ಮ ಓದು ಎಲ್ಲಿಯವರೆಗೆ ಆಗಿದೆ? ಲಿಂಬೆಹಣ್ಣು ಕೊಳ್ಳಲು ಬಂದವರು ಯಾರೂ ಇದನ್ನು ಕೇಳುವುದಿಲ್ಲ. ಜಾಝ್ ಕೇಳುವುದಕ್ಕೆ ಮಾತ್ರ ಸರ್ಟಿಫಿಕೇಟು ಬೇಕೆಂದು ಜನ ಹೇಗೋ ನಂಬಿಕೊಂಡಿದ್ದಾರೆ.

ನನಗನ್ನಿಸುವುದು ಇದಕ್ಕೆ ತಿರುಗುಮುರುಗು. ಹಾಡಿನಲ್ಲಿ ಮಾತಿದ್ದರೆ ಆ ಭಾಷೆ ಬರಬೇಕು, ಅರ್ಥವಾಗಬೇಕು, ಯಾರನ್ನಾದರೂ ಕೇಳಬೇಕು. ನಾನು ಕೊಳ್ಳುವ ರೆಕಾರ್ಡುಗಳಲ್ಲಿ ಮಾತೇ ಇಲ್ಲ. ಎಲ್ಲರೂ ಕೂಡಿ ಮೊದಲು ಒಂದು ಧಾಟಿ ಬಾರಿಸುತ್ತಾರೆ. ಆಮೇಲೆ ಒಬ್ಬೊಬ್ಬರೇ ಅದನ್ನು ಹಿಡಿದುಕೊಂಡು ತಮಗೆ ಬೇಕಾದ ಕಡೆ ಹೊರಟುಬಿಡುತ್ತಾರೆ. ಇನ್ನು ಇವನು ತಿರುಗಿ ಬರುವುದಿಲ್ಲ ಎಂದು ನಾವು ಆಸೆ ಬಿಟ್ಟಾಗ ಎಲ್ಲಿಂದಲೋ ಬಂದು ಸೇರುತ್ತಾರೆ. ದೇವರ ಹಿಪ್ಪರಗಿಯ ಸಂತೆಗೆ ಒಂದೇ ಟಂಟಂ ಆಟೊದಲ್ಲಿ ಹೋಗಿ, ಒಳಗೆ ಚದುರಿ, ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಮತ್ತೆ ಒಟ್ಟಾಗುವ ಮಂದಿಯನ್ನು ನೋಡಿದವನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಇಂಡಿಯಲ್ಲಿ ನನ್ನದು ಲಿಂಬೆ ವ್ಯಾಪಾರ. ಚೀಲ ಹೊರುವುದರಿಂದ ಶುರುಮಾಡಿದೆ, ಈಗ ಚೀಲ ಕೊಳ್ಳುತ್ತೇನೆ. ನಡುವೆ ಕೆಲವು ವರ್ಷ ಲಾರಿಯ ಜೊತೆ ಮುಂಬಯಿಗೆ ಹೋಗಿ ಬರುತ್ತಿದ್ದೆ. ಮಾಲು ಇಳಿಸಿ ರೊಕ್ಕ ಕೈಗೆ ಬರುವವರೆಗೆ ಅಲ್ಲಿ ಮಾಡಲು ಏನೂ ಇರುತ್ತಿರಲಿಲ್ಲ. ಹಳೇ ಸಾಮಾನಿನ ಬಜಾರಿನಲ್ಲಿ ಅಡ್ಡಾಡುತ್ತಿದ್ದಾಗ ಒಂದು ಅಂಗಡಿಯಲ್ಲಿ ಸ್ಯಾಕ್ಸೊಫೋನು ಕೇಳಿಸಿತು. ಅದರ ಹೆಸರೂ ಆಗ ಗೊತ್ತಿರಲಿಲ್ಲ. ದೊಡ್ಡ ಮನುಷ್ಯನೊಬ್ಬ ಮೂಗು ಕಟ್ಟಿಕೊಂಡು ಪ್ರೀತಿಯಿಂದ ಯಾರನ್ನೋ ಬೈಯುತ್ತಿರುವ ಹಾಗಿತ್ತು. ನಿಂತೆ. ಅಂಗಡಿಯವನು ನನ್ನ ಕಾಲಿನ ಚಪ್ಪಲಿ ನೋಡಿ ಬೆಲೆ ಹೇಳಲಿಲ್ಲ. ಅದಕ್ಕೇ ಕೊಂಡೆ.

ಅದು ಎರಡು ರೆಕಾರ್ಡಿನ ಜೋಡಿಯಲ್ಲಿ ಉಳಿದ ಒಂಟಿ ಎಂದು ತಿಳಿದದ್ದು ಊರಿಗೆ ಬಂದ ಮೇಲೆ. ಇಲ್ಲೊಂದು ವಿಚಿತ್ರವಿದೆ. ಎರಡು ರೆಕಾರ್ಡು ಎಂದರೆ ನಾಲ್ಕು ಮಗ್ಗುಲು. ನೀವೂ ನಾನೂ ಮಾಡಿದ್ದರೆ ಮೊದಲನೆಯದಕ್ಕೆ ಒಂದು, ಎರಡು; ಇನ್ನೊಂದಕ್ಕೆ ಮೂರು, ನಾಲ್ಕು ಎಂದು ಹಾಕುತ್ತಿದ್ದೆವು. ಆದರೆ ಹಿಂದೆ ಒಂದರ ಮೇಲೊಂದು ರೆಕಾರ್ಡು ಪೇರಿಸಿಟ್ಟರೆ ತಾನೇ ಒಂದೊಂದನ್ನು ಕೆಳಗೆ ಬೀಳಿಸಿಕೊಂಡು ಬಾರಿಸುವ ಯಂತ್ರಗಳಿದ್ದವು. ಮೊದಲು ಒಂದು, ಅದರ ಮೇಲೆ ಎರಡು ಬೀಳಬೇಕು. ಆಮೇಲೆ ಇಡೀ ಗಂಟನ್ನು ಹಾಗೇ ಮಗುಚಿಟ್ಟರೆ ಮೂರು, ನಾಲ್ಕು ಬರಬೇಕು. ಆ ಯಂತ್ರದ ಸಲುವಾಗಿ ಒಂದರ ಬೆನ್ನಿಗೆ ನಾಲ್ಕನ್ನೂ ಎರಡರ ಬೆನ್ನಿಗೆ ಮೂರನ್ನೂ ಅಚ್ಚು ಹಾಕುತ್ತಿದ್ದರು. ಅಂದರೆ ನನ್ನ ಕೈಗೆ ಬಂದದ್ದು ಒಂದು ಸಂಗೀತ ಕಛೇರಿಯ ಆರಂಭ ಮತ್ತು ಕೊನೆ. ನಡುವಿನದು ಲೋಕದಲ್ಲಿ ಬೇರೆಲ್ಲೋ ಇತ್ತು.

ಇಷ್ಟೇ ಆಗಿದ್ದರೆ ನನಗೆ ನಿದ್ರೆ ಬರುತ್ತಿತ್ತು. ಆದರೆ ಒಂದನೆಯ ಮಗ್ಗುಲಿನಲ್ಲಿ ಎಲ್ಲರನ್ನೂ ಎಳೆದುಕೊಂಡು ಹೋಗುವವನು ಆ ಸ್ಯಾಕ್ಸೊಫೋನಿನವನು. ನಾಲ್ಕನೆಯದರಲ್ಲಿ ಅವನಿಲ್ಲ. ಪಿಯಾನೊ ಇದೆ, ಡ್ರಮ್ಮು ಇದೆ, ಆಳೆತ್ತರದ ತಂತಿವಾದ್ಯವಿದೆ, ಜನ ಚಪ್ಪಾಳೆ ಹೊಡೆಯುತ್ತಾರೆ. ಅವನು ಮಾತ್ರ ಇಲ್ಲ. ಎಲ್ಲಿ ಹೋದ? ಈ ಪ್ರಶ್ನೆಯನ್ನು ನಾನು ವರ್ಷಗಟ್ಟಲೆ ಬಾಯಲ್ಲಿ ಅಡಿಕೆಯಂತೆ ಇಟ್ಟುಕೊಂಡಿದ್ದೇನೆ. ಮಾರ್ಕೆಟ್ಟಿನ ಹಮಾಲರ ಪ್ರಕಾರ ಪಗಾರದ ಜಗಳವಾಗಿ ಎದ್ದು ಹೋಗಿರಬೇಕು. ನನ್ನ ಹೆಂಡತಿ ಗುರುಬಾಯಿ ಅಷ್ಟು ಕಠಿಣ ಮನಸ್ಸಿನವಳಲ್ಲ.

‘ಹೊಟ್ಟಿ ಹಸದಿರಬೇಕು, ಉಣ್ಣಾಕ ಹೋಗ್ಯಾನ ಬಿಡ್ರಿ’ ಎಂದಳು ರೊಟ್ಟಿ ಬಡಿಯುತ್ತ. ‘ನೀವೂ ಏಳ್ರಿ.’

ಫೋನಿನಲ್ಲಿ ಎಲ್ಲವೂ ಸಿಗುತ್ತದಲ್ಲ ಎಂದು ನೀವು ಕೇಳುತ್ತೀರಿ. ಇದು ಸಿಗಲಿಲ್ಲ. ಅಚ್ಚು ಹಾಕಿದ ಸಣ್ಣ ಕಂಪನಿ ಸ್ವಲ್ಪವೇ ಪ್ರತಿ ತೆಗೆದು ಬಾಗಿಲು ಹಾಕಿತಂತೆ. ಇದನ್ನು ಹೇಳಿದವನು ಪುಣೆಯ ಒಬ್ಬ ಹಳೇ ರೆಕಾರ್ಡಿನ ವ್ಯಾಪಾರಿ. ಅವನು ವಾರಕ್ಕೊಮ್ಮೆ ಆನ್‌ಲೈನಿನಲ್ಲಿ ಹರಾಜು ಹಾಕುತ್ತಾನೆ. ನನ್ನ ಉಳಿದ ರೆಕಾರ್ಡುಗಳಲ್ಲಿ ಹೆಚ್ಚಿನವು ಅಲ್ಲಿಂದ ಬಂದವು. ನಡುವಿನ ರೆಕಾರ್ಡನ್ನು ಹುಡುಕುತ್ತ ಹೋದವನಿಗೆ ದಾರಿಯಲ್ಲಿ ಸಿಕ್ಕ ನೆಂಟರು ಎನ್ನಬಹುದು.

ಹರಾಜು ನನಗೆ ಹೊಸದಲ್ಲ. ನಮ್ಮ ಕಡೆ ಅದಕ್ಕೆ ಸವಾಲು ಎನ್ನುತ್ತೇವೆ. ಬೆಳಗಾದರೆ ನಾನು ನಿಲ್ಲುವುದೇ ಸವಾಲಿನಲ್ಲಿ. ರಾಶಿಯೊಳಗೆ ಮೊಣಕೈವರೆಗೆ ಕೈ ಹಾಕಿ ಕೆಳಗಿನ ಹಣ್ಣು ತೆಗೆದು ನೋಡುತ್ತೇನೆ, ಸಿಪ್ಪೆಯನ್ನು ಉಗುರಿನಿಂದ ಗೀರಿ ಮೂಸುತ್ತೇನೆ. ಆನ್‌ಲೈನಿನಲ್ಲಿ ಮೂಸಲು ಏನೂ ಇಲ್ಲ. ‘ಬಹಳ ಚೆನ್ನಾಗಿದೆ’ ಎಂದು ಬರೆದಿದ್ದರೆ ಗೀರಿವೆ ಎಂದು ತಿಳಿಯಬೇಕು. ‘ಚೆನ್ನಾಗಿದೆ’ ಎಂದರೆ ಅದರ ಮೇಲೆ ಯಾರೋ ಚಹಾ ಕಪ್ಪು ಇಟ್ಟಿದ್ದರು ಎಂದು ತಿಳಿಯಬೇಕು. ಲಿಂಬೆಯವರು ಸುಳ್ಳು ಹೇಳುವುದಿಲ್ಲ ಎಂದಲ್ಲ, ಇಷ್ಟು ವಿನಯದಿಂದ ಹೇಳುವುದಿಲ್ಲ.

ಆದರೆ ಸವಾಲಿನಲ್ಲಿ ಹಣ್ಣಿನಷ್ಟೇ ಮುಖ್ಯವಾದದ್ದು ಎದುರಿನವನ ಮುಖ. ಅವನು ಸುಮ್ಮನೆ ಬೆಲೆ ಏರಿಸುತ್ತಿದ್ದಾನೋ, ಲಾರಿ ಕಾಯುತ್ತಿದೆಯೋ ಎಂದು ಅವನು ಕಿವಿ ತುರಿಸಿಕೊಳ್ಳುವುದರಲ್ಲೇ ಗೊತ್ತಾಗುತ್ತದೆ. ಒಂದೇ ರಾಶಿಗೆ ಮೂರು ಸಲ ನನ್ನ ಮೇಲೆ ಹೋದನೆಂದರೆ ಅವನಿಗೆ ನಿಜಕ್ಕೂ ಬೇಕಾಗಿದೆ ಎಂದು ನಾನು ಬಿಟ್ಟುಕೊಡುವುದೂ ಉಂಟು. ಸ್ವಲ್ಪ ಹೊತ್ತಿಗೆ ಅದೇ ಮನುಷ್ಯನ ಜೊತೆ ಚಹಾ ಕುಡಿಯಬೇಕಲ್ಲ. ಮತ್ತು ಸವಾಲಿನಲ್ಲಿ ಬಿಟ್ಟ ಮಾಲನ್ನು ಆಮೇಲೆ ಹೋಗಿ ಕೇಳುವುದಿಲ್ಲ. ಇದು ನಾನು ಎಂದೂ ಮುರಿಯದ ರಿವಾಜು.

ಹೀಗಿರುವಾಗ ಕಳೆದ ಆಷಾಢದಲ್ಲಿ ಪುಣೆಯವನ ಹರಾಜಿಗೆ ಆ ರೆಕಾರ್ಡು ಬಂತು. ಎರಡನೆಯ ಮತ್ತು ಮೂರನೆಯ ಮಗ್ಗುಲು. ಫೋಟೊದಲ್ಲಿ ನಡುವಿನ ಚೀಟಿಯ ಅಂಕಿಗಳನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಸಂಜೆ ಫೋನು ಹಿಡಿದು ಕಟ್ಟೆಯ ಮೇಲೆ ಕುಳಿತೆ. ಬೇಗ ಬೇಗ ಎಲ್ಲರೂ ಬಿಟ್ಟುಹೋಗಿ ಉಳಿದವರು ಇಬ್ಬರು, ನಾನು ಮತ್ತು ಇನ್ನೊಬ್ಬ. ಅವನ ಹೆಸರಿನ ಜಾಗದಲ್ಲಿ, ಗುರುತು ಸಿಗದಂತೆ, ಸಾಲಾಗಿ ನಕ್ಷತ್ರಗಳು. ನಾನು ಏರಿಸಿದರೆ ಅವನು ಏರಿಸಿದ. ಮತ್ತೆ ಏರಿಸಿದೆ, ಮತ್ತೆ ಬಂದ. ಮೂರನೆಯ ಸಲವೂ ನನ್ನ ಮೇಲೆ ಹೋದಾಗ ಅಭ್ಯಾಸಬಲದಿಂದ ನಾನು ಅವನ ಮುಖ ನೋಡಲು ಹೋದೆ. ಇವನು ಯಾರಿರಬಹುದು? ಸುಮ್ಮನೆ ಮಾಡುತ್ತಿದ್ದಾನೆಯೇ, ನಿಜಕ್ಕೂ ಬೇಕಾಗಿದೆಯೇ? ಅವನಿಗೂ ನಡುವಿನದೇ ಏಕೆ ಬೇಕು? ಹೀಗೆ ನಾನು ನಕ್ಷತ್ರಗಳನ್ನು ನೋಡುತ್ತ ಕುಳಿತಿದ್ದಾಗ ವೇಳೆ ಮುಗಿಯಿತು. ರೆಕಾರ್ಡು ಅವನದಾಯಿತು. ಆ ದಿನ ಊಟದ ಎದುರು ಕುಳಿತಾಗ ಗುರುಬಾಯಿ ಒಂದು ರೊಟ್ಟಿ ಹೆಚ್ಚು ಹಾಕಿದಳು.

ಸ್ವಲ್ಪ ದಿನ ಬಿಟ್ಟು ಪುಣೆಯವನೇ ಫೋನು ಮಾಡಿದ. ಗೆದ್ದವನು ನಿಮ್ಮ ಜಿಲ್ಲೆಯವನೇ, ಉಳಿದ ಅರ್ಧ ಯಾರ ಹತ್ತಿರವಿದೆ ಎಂದು ಕೇಳುತ್ತಿದ್ದಾನೆ, ನಿಮ್ಮ ನಂಬರು ಕೊಡಲೇ ಎಂದ. ಕೂಡಲೇ ಹೂಂ ಎನ್ನಲಿಲ್ಲ. ಸಂಜೆಯವರೆಗೆ ತಡೆದು ಆಮೇಲೆ ಹೂಂ ಎಂದೆ. ಮರುದಿನ ಕರೆ ಬಂತು. ಮುದ್ದೇಬಿಹಾಳದ ಯಮನಪ್ಪ, ಮದುವೆ ಬ್ಯಾಂಡಿನ ಮಾಸ್ತರ, ಕ್ಲಾರ್ನೆಟ್ ಊದುವವರು.

‘ನಿಮ್ಮ ಕಡೆ ಒಂದನೇದು ನಾಕನೇದು ಐತಂತಲ್ರಿ ಸಾವಕಾರ್ರ. ಕೊಡ್ತೀರೇನು?’

‘ನೀವು ನಿಮ್ದು ಕೊಡ್ತೀರೇನ್ರಿ ಮಾಸ್ತರ?’

‘ಇಲ್ರಿ.’

‘ನಾನೂ ಕೊಡಂಗಿಲ್ರಿ.’

ಫೋನು ಇಡಬೇಕೆನ್ನುವಷ್ಟರಲ್ಲಿ ಅವರು, ‘ಹಂಗಾರ ತಗೊಂಡು ಬರ್ರಿ, ಕೂತು ಕೇಳೂನು. ಆಷಾಢದಾಗ ನಮಗೇನ ಲಗ್ನ ಅದಾವ?’ ಎಂದರು.

ಬಿಟ್ಟ ಮಾಲನ್ನು ಕೇಳಬಾರದು ಎಂಬ ರಿವಾಜು ನನಗಿತ್ತು. ಆದರೆ ಕೇಳುವುದೆಂದರೆ ಬೇಡುವುದು ಬೇರೆ, ಕಿವಿಯಿಂದ ಕೇಳುವುದು ಬೇರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಹೊರಟೆ. ಸಿಂದಗಿಯಲ್ಲಿ ಒಮ್ಮೆ, ಬಸವನ ಬಾಗೇವಾಡಿಯಲ್ಲಿ ಒಮ್ಮೆ ಬಸ್ಸು ಬದಲಿಸಿದೆ. ರೆಕಾರ್ಡನ್ನು ಎರಡು ರಟ್ಟಿನ ನಡುವೆ ಇಟ್ಟು, ಶಾಲಿನಲ್ಲಿ ಸುತ್ತಿ, ತೊಡೆಯ ಮೇಲೆ ನೆಟ್ಟಗೆ ಹಿಡಿದಿದ್ದೆ. ಪಕ್ಕದಲ್ಲಿ ಕುಳಿತಿದ್ದ ಮುದುಕಿ ದೇವರ ಹಿಪ್ಪರಗಿಯವರೆಗೆ ತಡೆದುಕೊಂಡು ಆಮೇಲೆ ಮೆಲ್ಲಗೆ ಕೇಳಿದಳು: ‘ಫೋಟೊ ಏನಪಾ? ತೀರಿಕೊಂಡವ್ರದು?’ ಅಲ್ಲವ್ವ, ಬಾಜಾ ಬಾರಿಸುವವರದು ಎಂದೆ. ‘ಅವ್ರೂ ತೀರಿಕೊಂಡಾರೇನು?’ ಎಂದಳು. ಯೋಚಿಸಿ ನೋಡಿದರೆ ಹೌದು, ಈಗ ಎಲ್ಲರೂ ತೀರಿಕೊಂಡಿರಬೇಕು. ಹಾಗೆಂದು ಹೇಳಿದ್ದಕ್ಕೆ ಅವಳು ಶಾಲಿನ ಗಂಟಿಗೆ ಕೈಮುಗಿದಳು.

ಯಮನಪ್ಪ ಮಾಸ್ತರರು ನನಗಿಂತ ಹಿರಿಯರು, ತೆಳ್ಳಗಿನ ಮನುಷ್ಯ. ಮನೆಯ ಗೂಟಗಳಿಗೆಲ್ಲ ಬ್ಯಾಂಡಿನ ಕೆಂಪು ಕೋಟುಗಳನ್ನು ತೂಗುಹಾಕಿದ್ದರಿಂದ ಒಳಗೆ ಯಾವುದೋ ಸಿಪಾಯಿಗಳ ಪಲ್ಟಣ ಬಿಡಾರ ಹೂಡಿದ ಹಾಗಿತ್ತು. ಅವರ ಹೆಂಡತಿ ಚಹಾ, ಚೂಡಾ ತಂದಿಟ್ಟು, ‘ಇಬ್ಬರಿಗೂ ಒಂದ ಹುಚ್ಚು’ ಎಂದು ಸಣ್ಣಗೆ ನಕ್ಕು ಒಳಗೆ ಹೋದರು. ಮಾಸ್ತರರು ನನ್ನ ರೆಕಾರ್ಡನ್ನು ಅಂಚಿನಲ್ಲಿ ಹಿಡಿದು ಬೆಳಕಿಗೆ ಓರೆಮಾಡಿ ನೋಡಿದರು. ನಾನೂ ಅವರದನ್ನು ನೋಡಿದೆ. ಗೀರುಗಳಿದ್ದವು, ಇಬ್ಬರೂ ಆ ಮಾತು ಎತ್ತಲಿಲ್ಲ.

ಮೊದಲು ನನ್ನ ಒಂದನೆಯದು. ಆಮೇಲೆ ಅವರು ಎರಡನೆಯದನ್ನು ಇಟ್ಟರು. ಸ್ಯಾಕ್ಸೊಫೋನಿನವನು ಇದ್ದ. ಇದ್ದದ್ದೇನು, ಕುಣಿಯುತ್ತಿದ್ದ. ಮಗ್ಗುಲಿನ ಕೊನೆಯ ಸುತ್ತಿನವರೆಗೂ ಊದಿದ, ಜನ ಕೂಗಿದರು, ಮುಳ್ಳು ಎದ್ದಿತು. ಮಾಸ್ತರರು ಮಗುಚಿದರು. ಮೂರನೆಯದು ಚಪ್ಪಾಳೆಯಿಂದ ಶುರುವಾಯಿತು. ಪಿಯಾನೊ ಬಂತು, ಡ್ರಮ್ಮು ಬಂತು. ಅವನಿಲ್ಲ. ಪೂರ್ತಿ ಮಗ್ಗುಲು ಕಾದೆ, ಬರಲಿಲ್ಲ.

ಅಂದರೆ ಅವನು ಹೋದದ್ದು ಎರಡಕ್ಕೂ ಮೂರಕ್ಕೂ ನಡುವೆ. ರೆಕಾರ್ಡು ಮಾಡಿದವರು ಕತ್ತರಿಸಿ ಬಿಟ್ಟ ಜಾಗದಲ್ಲಿ. ಇಷ್ಟು ವರ್ಷ ನಾನು ಹುಡುಕಿದ್ದು ಯಾವ ಮಗ್ಗುಲಿನಲ್ಲೂ ಇರಲಿಲ್ಲ. ನನ್ನ ಮುಖ ಹೇಗಾಗಿತ್ತೋ, ಮಾಸ್ತರರು ಏನಾಯಿತೆಂದು ಕೇಳಿದರು. ಹೇಳಿದೆ. ಅವರು ನನ್ನ ನಾಲ್ಕನೆಯದನ್ನು ಇಟ್ಟು, ತಲೆ ತಗ್ಗಿಸಿ ಕೇಳತೊಡಗಿದರು. ಸ್ವಲ್ಪ ಹೊತ್ತಿಗೆ ಬೆರಳೆತ್ತಿದರು.

‘ಪಿಯಾನೊದಾಂವ ಧಾಟಿ ತಿರುವಿದಾಗೊಮ್ಮೆ ಯಾರೋ ಹ್ಞೂಂ ಅಂತಾರ, ಕೇಳ್ರಿ.’

ಕೇಳಿದೆ. ಇತ್ತು. ಅದು ಮಂದಿಯ ದನಿಯೆಂದು ಎಣಿಸಿದ್ದೆನೇ ಹೊರತು ಕಿವಿಗೊಟ್ಟಿರಲಿಲ್ಲ.

‘ಮಂದಿ ದೂರ ಕೂತಿರ್ತಾರ್ರಿ. ಇಂವ ಮೈಕಿನ ಬಾಜೂಕ ಅದಾನ. ಊದಿ ಊದಿ ತುಟಿ ಸೋತು ಹೋಗಿರಬೇಕು ಅವನ್ವು. ನಮ್ಮ ಬ್ಯಾಂಡಿನ್ಯಾಗೂ ಹಿಂಗ. ತುಟಿ ಹೋತಂತ ಮನಿಗೆ ಹೋಗಾಕ ಬರಂಗಿಲ್ಲ. ನಿಂತು ಉಳದೋರಿಗೆ ಹ್ಞೂಂ ಅನಬೇಕು.’

ಇದು ನಿಜವೋ ಅಲ್ಲವೋ ಯಾರಿಗೆ ಗೊತ್ತು. ಪಗಾರದ ಜಗಳವೂ ಇರಬಹುದು, ಹಸಿವೂ ಇರಬಹುದು. ಆದರೆ ಆ ಮಾತು ಕೇಳಿದ ಮೇಲೆ ನಾಲ್ಕನೆಯ ಮಗ್ಗುಲಿನಲ್ಲಿ ಅವನಿಲ್ಲ ಎಂದು ನನಗೆ ಅನ್ನಿಸಲೇ ಇಲ್ಲ.

ಮುಂದಿನದು ಕಷ್ಟದ ಭಾಗ. ಜೋಡಿ ಒಂದೇ ಕಡೆ ಇರಬೇಕು ಎಂದು ಇಬ್ಬರಿಗೂ ಅನ್ನಿಸುತ್ತಿತ್ತು, ಆ ಕಡೆ ಯಾವುದು ಎಂಬುದರಲ್ಲಿ ಮಾತ್ರ ಭೇದ. ದನದ ಸಂತೆಯಲ್ಲಾದರೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳಬಹುದಿತ್ತು. ಇಲ್ಲಿ ಅವರು ರೊಕ್ಕದ ಮಾತು ಎತ್ತಿದರೆ ನನಗೆ ಅಪಮಾನ, ನಾನು ಎತ್ತಿದರೆ ಅವರಿಗೆ. ಹಾಗೇ ತೆಗೆದುಕೊಳ್ಳಿರಿ ಎಂದರು; ನಾನು ಯಾರ ಹತ್ತಿರವೂ ಪುಕ್ಕಟೆ ತೆಗೆದುಕೊಂಡವನಲ್ಲ. ನೀವೇ ಇಟ್ಟುಕೊಳ್ಳಿರಿ ಎಂದೆ, ಅವರಿಗೆ ಬೇಜಾರಾಯಿತು. ಕೊನೆಯ ಬಾಗೇವಾಡಿ ಬಸ್ಸಿನ ವೇಳೆ ಹತ್ತಿರವಾಗುತ್ತಿತ್ತು. ಆಗ ಮಾಸ್ತರರು, ನಿಮ್ಮದು ನಿಮಗೆ ಬಾಯಿಪಾಠ, ನನ್ನದು ನನಗೆ ಬಾಯಿಪಾಠ, ಹೊಸದು ಯಾರಿಗೆ ಬೇಡ ಎಂದರು.

‘ಅದಲಬದಲ ಮಾಡೂನ್ರಿ. ಯಾರೂ ಯಾರಿಗೂ ಕೊಟ್ಟಂಗಾಗಂಗಿಲ್ಲ.’

ವ್ಯಾಪಾರಿಯಾದ ನನಗೆ ಹೊಳೆಯದ ವ್ಯಾಪಾರ ಅದು. ಒಪ್ಪಿದೆ.

ಗುರುಬಾಯಿ ಗಂಟು ಬಿಚ್ಚಿ ಚೀಟಿಯ ಮೇಲಿನ ಅಂಕಿ ನೋಡಿ, ‘ಮತ್ತ ಅರ್ಧನ ಐತಲ್ರಿ’ ಎಂದಳು. ಅರ್ಧವೇ. ಈಗ ನನ್ನ ಮನೆಯಲ್ಲಿ ಆ ಕಛೇರಿಗೆ ಆರಂಭವಿಲ್ಲ, ಕೊನೆಯಿಲ್ಲ; ನಡುವಿನದು ಇದೆ. ಎರಡನೆಯದು ಮುಗಿದು ಮೂರನೆಯದಕ್ಕೆ ಮಗುಚುವಾಗ ನಾನು ಸ್ವಲ್ಪ ತಡಮಾಡುತ್ತೇನೆ, ಅವನಿಗೆ ಪಕ್ಕಕ್ಕೆ ಸರಿದು ನಿಲ್ಲಲು ವೇಳೆ ಬೇಕಲ್ಲ ಎಂದು. ಆರಂಭ ಮರೆತುಹೋಗತೊಡಗಿದರೆ ಮುದ್ದೇಬಿಹಾಳಕ್ಕೆ ಬಸ್ಸಿದೆ.

ನನ್ನ ಹತ್ತಿರ ಈಗ ಅರವತ್ತಮೂರು ರೆಕಾರ್ಡುಗಳಿವೆ. ಮುದ್ದೇಬಿಹಾಳಕ್ಕೆ ಹೊರಟ ದಿನವೂ ಅರವತ್ತಮೂರೇ ಇದ್ದವು.