ಕೆಂಪು ಹೋದ ನೀರು

ಎಪ್ಪತ್ತರ ದಶಕದ ಆ ದಿನಗಳಲ್ಲಿ ಕಿತ್ತೂರಿನ ಹತ್ತಿರದ ನಮ್ಮ ದೇಗಾಂವದಲ್ಲಿ ಹಿತ್ತಿಲಿಗೆ ಬಾವಿಯಿರುವುದೇ ದೊಡ್ಡಸ್ತಿಕೆ. ನಮ್ಮ ಬಾವಿ ಮಾತ್ರ ಪೀಡೆಯೂ ಆಗಿತ್ತು. ಸೇದುವಾಗ ತಿಳಿಯಾಗಿರುವ ನೀರು ಕೊಡದಲ್ಲಿ ಕೊಂಚ ಹೊತ್ತು ನಿಂತರೆ ಕೆಂಪಗಾಗುತ್ತಿತ್ತು. ಬಾಯಿಗೆ ಹಾಕಿದರೆ ತುಕ್ಕು ಹಿಡಿದ ಮೊಳೆ ನೆಕ್ಕಿದಂಥ ರುಚಿ. ಚಹಾ ಮಾಡಿದರೆ ಮಸಿಯಂತೆ ಕಪ್ಪು. ನನ್ನ ಬಿಳಿ ಜಂಪರಂತೂ ಎಂದೂ ಬಿಳಿಯಾಗಿರಲಿಲ್ಲ. ಕುಂಟಲಿಪಿ ಆಡುವಾಗ ಗೆಳತಿಯರು ನನ್ನನ್ನು 'ಕೆಮ್ಮಣ್ಣಿ' ಎಂದೇ ಕರೆಯುತ್ತಿದ್ದರು.

ಅಪ್ಪ ಗೌಂಡಿ. ಧಾರವಾಡದಲ್ಲಿ ಮನೆ ಕಟ್ಟುವ ಕೆಲಸಕ್ಕೆ ಹೋದವನು ನೀರು ಸೋಸುವ ಬಗೆ ನೋಡಿ ಬಂದ. ಎತ್ತರದಿಂದ ದೊಡ್ಡ ಹರವಿಗೆ ನೀರು ಸುರಿದು, ಸುಣ್ಣದ ತಿಳಿ ಬೆರೆಸಿ, ಕೆಂಪೆಲ್ಲ ತಳಕ್ಕೆ ಇಳಿಯಲು ಬಿಡುವುದು. ಮರುದಿನ ಮೇಲಿನ ನೀರನ್ನು ಇದ್ದಿಲು, ಉಸುಕು ತುಂಬಿದ ಗಡಿಗೆಗಳಿಗೆ ಹೊಯ್ಯುವುದು. ತಳದ ತೂತಿನಿಂದ ಹನಿಹನಿಯಾಗಿ ಇಳಿದ ನೀರನ್ನು ಅಪ್ಪ ಗಾಜಿನ ಗ್ಲಾಸಿನಲ್ಲಿ ಹಿಡಿದು ಬಿಸಿಲಿಗೆ ಎತ್ತಿದ.

"ನೋಡ, ಹೆಂಗ ಕನ್ನಡಿ ಆಗೇತಿ!"

ಅಲ್ಲಿಯವರೆಗೆ ಅವ್ವ ತೊಟ್ಟಿಲಲ್ಲಿದ್ದ ನನ್ನ ತಮ್ಮ ಬಸುವಿಗೆ ನೀರು ಕಾಯಿಸಿಯೇ ಕುಡಿಸುತ್ತಿದ್ದಳು. ಅಪ್ಪ ನಕ್ಕು, "ಇನ್ನ ಯಾಕ ಸುಮ್ನ ಕಟಗಿ ಸುಡತಿ?" ಎಂದ. ಅವ್ವ ಕಾಯಿಸುವುದನ್ನು ಬಿಟ್ಟಳು. ಅನ್ನ ಬೆಳ್ಳಗಾಯಿತು. ಓಣಿಯ ಹೆಂಗಸರು ಬಂದು ನೋಡಿ, ನಮಗೂ ಮಾಡಿಕೊಡು ಎಂದು ದುಂಬಾಲು ಬಿದ್ದರು.

ಮಳೆ ಹಿಡಿಯಿತು. ದನದ ಕೊಟ್ಟಿಗೆಯ ರಾಡಿ ಬಾವಿಯ ಕಡೆಗೆ ಹರಿಯಿತು. ಗಡಿಗೆಯಿಂದ ಇಳಿಯುವ ನೀರು ಮಾತ್ರ ಹಾಗೆಯೇ ತಿಳಿಯಾಗಿತ್ತು. ಒಂದು ಮುಂಜಾನೆ ಬಸುವಿಗೆ ವಾಂತಿ-ಭೇದಿ ಶುರುವಾಯಿತು. ಬಾಯಿ ಒಣಗಿದಾಗಲೆಲ್ಲ ಅವ್ವ ಅದೇ ನೀರನ್ನು ಚಮಚದಿಂದ ಹಾಕುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಕೂಸಿನ ಕಣ್ಣು ಗುಳಿ ಬಿದ್ದವು. ಚಕ್ಕಡಿ ಹೂಡಿಕೊಂಡು ಕಿತ್ತೂರಿಗೆ ಹೋದೆವು.

"ನೀರು ಕಾಯಿಸಿ ಕೊಡತಿದ್ರೇನು?" ಡಾಕ್ಟರು ಕೇಳಿದರು.

"ಸೋಸಿ ಕೊಡತಿದ್ವಿರಿ ಸಾಹೇಬ್ರ. ಒಂದು ಕಸ ಇರತಿದ್ದಿಲ್ಲರಿ," ಅಂದ ಅಪ್ಪ.

"ಸೋಸಿದ್ರ ಕೆಂಪು ಹೋಗತೈತಿ. ರೋಗ ಎಲ್ಲಿ ಹೋಗತೈತಪಾ?"

ಸಂಜೆಯೊಳಗೆ ಬಸು ತೀರಿಕೊಂಡ.

ಮಣ್ಣು ಮಾಡಿ ಬಂದ ಅಪ್ಪ ಹಾರೆ ಹಿಡಿದು ಗಡಿಗೆಗಳ ಮುಂದೆ ನಿಂತ. ಅವ್ವ ಅವನ ಕೈ ಹಿಡಿದು ನನ್ನ ಕಡೆ ನೋಡಿದಳು.

"ಒಡೀಬ್ಯಾಡ್ರಿ. ಇನ್ನೊಂದು ಕೂಸು ಐತಿ ಮನ್ಯಾಗ. ಸೋಸಿದ್ದನ್ನ ಕಾಯಿಸಿ ಕುಡಸೂಣು."

'ನಿಮ್ಮ ಮಾತು ಕೇಳಿ ಕೆಟ್ಟೆ' ಎಂದು ಅವಳು ಒಮ್ಮೆಯೂ ಅನ್ನಲಿಲ್ಲ. ಅಂದಿದ್ದರೆ ಅಪ್ಪನಿಗೆ ಹಗುರಾಗುತ್ತಿತ್ತೋ ಏನೋ. ನೀರು ಕಾಯಿಸುವ ಕೆಲಸವನ್ನು ಅವನೇ ಹಿಡಿದ. ಕುದಿ ಬಂದ ಮೇಲೂ ಒಲೆಗೆ ಕಟ್ಟಿಗೆ ಒಟ್ಟುತ್ತಲೇ ಕೂತಿರುತ್ತಿದ್ದ. ಓಣಿಯವರು ಗಡಿಗೆಯ ಮಾತೆತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದ.

ಈಗ ಊರಿಗೆ ನಲ್ಲಿ ಬಂದಿದೆ, ಬಾವಿ ಮುಚ್ಚಿದ್ದಾರೆ. ಅಪ್ಪ ಹೋಗಿ ಬಹಳ ಕಾಲವಾಯಿತು, ಹೋದ ವರ್ಷ ಅವ್ವನೂ ಹೋದಳು. ಬಸುವಿನದೊಂದು ಫೋಟೋ ಇರಲಿಲ್ಲ. ನಾನು ಕೇಳಿದಾಗಲೆಲ್ಲ ಅವ್ವ, "ಮೂಗು ನಿನ್ನಂಗ, ಕಿವಿ ನಿಮ್ಮಪ್ಪನಂಗ" ಎಂದು ಹೇಳುತ್ತಿದ್ದಳು. ಎಷ್ಟು ಹೆಣಗಿದರೂ ಅವನ ಮುಖ ನನಗೆ ನೆನಪಾಗುವುದಿಲ್ಲ. ಅದನ್ನು ಕಂಡು ನೆನಪಿಟ್ಟವರು ಇನ್ನು ಯಾರೂ ಇಲ್ಲ.