ಎಂಟನೆಯ ದ್ವೀಪ ಮತ್ತು ಪಲ್ಲವಿ ಬಿಟ್ಟ ಹೋಳಿಗೆ

ಎಂಟನೆಯ ದ್ವೀಪ ಇರಲೇ ಇಲ್ಲ. ಅದನ್ನು ಹುಟ್ಟಿಸಿದವಳು ನಾನು — ಹದಿಮೂರನೆಯ ವಯಸ್ಸಿನಲ್ಲಿ, ಶಿವಮೊಗ್ಗದ ವಿನೋಬನಗರದ ಒಂದು ಸೈಬರ್ ಸೆಂಟರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಬರೀ ಹೊಟ್ಟೆಕಿಚ್ಚಿನಿಂದ. ಆ ಒಂದು ಸುಳ್ಳಿನ ದೆಸೆಯಿಂದ ನನ್ನ ಚಿಕ್ಕಮ್ಮನ ಮಗಳು ಪಲ್ಲವಿ ಹದಿನಾರು ವರ್ಷಗಳಿಂದ ಹೋಳಿಗೆ ಮುಟ್ಟಿಲ್ಲ. ಇನ್ನೊಂದನ್ನೂ ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಧೈರ್ಯ ಬರಲಿಕ್ಕಿಲ್ಲ — ಅವಳ ಪಾಲಿನ ಹೋಳಿಗೆಗಳನ್ನು ಅಷ್ಟೂ ವರ್ಷ ತಿಂದವಳು ನಾನೇ.

ನಗಬೇಡಿ. ಅಥವಾ ನಗಿ, ಪರವಾಗಿಲ್ಲ. ನಾನೂ ಒಳಗೊಳಗೇ ಬಹಳ ನಕ್ಕಿದ್ದೇನೆ, ಮೊನ್ನೆ ಗುರುವಾರದವರೆಗೆ.

ನನ್ನ ಹೆಸರು ಶ್ರುತಿ. ಒಂದು ಸಣ್ಣ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ದಿನಕ್ಕೆ ನಲವತ್ತು ಜನಕ್ಕಾದರೂ ‘ನೋವೇ ಆಗಲ್ಲ, ಇರುವೆ ಕಚ್ಚಿದ ಹಾಗೆ ಅಷ್ಟೇ’ ಎನ್ನುತ್ತೇನೆ. ಅದು ಸುಳ್ಳೇ, ಆದರೆ ಸೂಜಿ ಹೊರಗೆ ಬರುವಷ್ಟರಲ್ಲಿ ಮುಗಿದುಹೋಗುವ ಸುಳ್ಳು. ನಾನು ಹೇಳಹೊರಟಿರುವುದು ಮುಗಿಯದೇ ಹೋದದ್ದನ್ನು.

ಆಗ ಮಕ್ಕಳಿಗಾಗಿ ಇಂಟರ್ನೆಟ್ಟಿನಲ್ಲಿ ಒಂದು ಆಟವಿತ್ತು. ಅದರ ಇಂಗ್ಲಿಷ್ ಹೆಸರು ನಮ್ಮ ಬಾಯಲ್ಲಿ ಹೊರಳುತ್ತಿರಲಿಲ್ಲ. ‘ಏಳು ದ್ವೀಪದ ಆಟ’ ಎನ್ನುತ್ತಿದ್ದೆವು. ಒಂದು ಪುಟ್ಟ ದೋಣಿ, ಅದರಲ್ಲಿ ನಾವು. ದ್ವೀಪದಿಂದ ದ್ವೀಪಕ್ಕೆ ಹೋಗಬೇಕು, ಒಂದೊಂದು ಕಡೆ ಒಂದೊಂದು ಕಷ್ಟ ಬಿಡಿಸಬೇಕು. ಪಲ್ಲವಿಯ ಅಪ್ಪ ಭದ್ರಾವತಿಯಲ್ಲಿ ಕಾರ್ಖಾನೆಯ ಕೆಲಸದಲ್ಲಿದ್ದರು. ಬೇಸಿಗೆ ರಜಕ್ಕೆ ಅವಳು ನಮ್ಮ ಮನೆಗೆ ಬರುವುದು, ಇಬ್ಬರೂ ಸಾಯಂಕಾಲ ಒಂದು ಗಂಟೆ ಸೈಬರ್ ಸೆಂಟರಿನಲ್ಲಿ ಅಕ್ಕಪಕ್ಕ ಕೂರುವುದು, ಇದು ವಾಡಿಕೆ. ಅವಳು ನನಗಿಂತ ಮೂರು ವರ್ಷ ಚಿಕ್ಕವಳು. ಆಟ ಕಲಿಸಿದವಳು ನಾನು, ಹಾಗಾಗಿ ಗುರುವೂ ನಾನೇ.

ಆದರೆ ಗುರು ಮೂರನೆಯ ದ್ವೀಪದಲ್ಲೇ ಸಿಕ್ಕಿಬಿದ್ದಿದ್ದಳು. ಅಲ್ಲೊಂದು ಸೇತುವೆ, ಸೇತುವೆಗೆ ಅಡ್ಡವಾಗಿ ಒಂದು ಕರಡಿ. ಅದೇನೋ ಇಂಗ್ಲಿಷಿನಲ್ಲಿ ಕೇಳುತ್ತದೆ, ನಾನೇನೋ ಇಂಗ್ಲಿಷಿನಲ್ಲಿ ಹೇಳುತ್ತೇನೆ, ಅದು ಎತ್ತಿ ನೀರಿಗೆ ಎಸೆಯುತ್ತದೆ. ಹತ್ತು ದಿನ ನೀರಿಗೆ ಬಿದ್ದೆ. ಅಷ್ಟರಲ್ಲಿ ಪಕ್ಕದ ಕುರ್ಚಿಯಲ್ಲಿದ್ದ ಈ ಹತ್ತು ವರ್ಷದ ಪುಟಾಣಿ ಮೂರನೆಯದನ್ನೂ ದಾಟಿ, ಏಳನೆಯದನ್ನೂ ಮುಗಿಸಿ, ಪರದೆಯ ತುಂಬ ಪಟಾಕಿ ಹಾರಿಸಿಕೊಂಡು ಕೂತಿತ್ತು.

“ಕರಡೀನ ಹೆಂಗೆ ದಾಟಿದೆಯೇ?” ಎಂದೆ.

“ಅದಕ್ಕೆ ಹಸಿವಾಗಿತ್ತು ಅಕ್ಕ. ಜೇನು ಕೊಟ್ಟೆ, ಹೋಯ್ತು.”

ಸೈಬರ್ ಸೆಂಟರಿನ ಅಂಕಲ್ ಎದ್ದು ಬಂದು ಅವಳ ಬೆನ್ನು ತಟ್ಟಿದರು. ನನ್ನ ಕಡೆ ನೋಡಿ, “ನೀನಿನ್ನೂ ಕರಡಿ ಹತ್ರಾನೇ ಇದೀಯಾ?” ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಆ ಉರಿಯಲ್ಲೇ ಬಾಯಿಗೆ ಬಂದದ್ದು —

“ಏಳು ಮುಗಿಸಿದ್ರೆ ಏನ್ ಮಹಾ ಆಯ್ತು? ಎಂಟನೇದು ಇದೆ. ನಾನು ಹೋಗಿ ಬಂದಿದೀನಿ.”

“ಹೌದಾ ಅಕ್ಕ? ನಿಜವಾಗ್ಲೂ?”

“ದೇವರಾಣೆ.”

ಮೂರನೆಯದನ್ನೇ ದಾಟದವಳು ಎಂಟನೆಯದಕ್ಕೆ ಹೇಗೆ ಹೋದಳು ಎಂದು ಅವಳು ಕೇಳಬಹುದಿತ್ತು. ಕೇಳಲಿಲ್ಲ. ಅಕ್ಕ ಹೇಳಿದ್ದಾಳೆ, ಆಣೆ ಬೇರೆ ಇಟ್ಟಿದ್ದಾಳೆ. ಅಷ್ಟು ಸಾಕಾಗಿತ್ತು ಅವಳಿಗೆ.

ಮನೆಗೆ ನಡೆಯುವಾಗ ದಾರಿಯುದ್ದಕ್ಕೂ ಪ್ರಶ್ನೆ. ಅಲ್ಲಿ ಏನಿದೆ, ಯಾರಿದ್ದಾರೆ, ಹೇಗಿದೆ. ಹಿಂದಿನ ತಿಂಗಳಷ್ಟೇ ನಮ್ಮ ಶಾಲೆಯಿಂದ ತ್ಯಾವರೆಕೊಪ್ಪಕ್ಕೆ ಸಿಂಹ ನೋಡಲು ಹೋಗಿದ್ದೆವು. ಕೈಗೆ ಸಿಕ್ಕಿದ್ದು ಅದೇ, ಅದನ್ನೇ ತಿರುಗಾಮುರುಗಾ ಮಾಡಿದೆ. ಎಂಟನೆಯ ದ್ವೀಪದಲ್ಲಿ ಸಿಂಹಗಳು ಜಾಲರಿ ಹಾಕಿದ ಬಸ್ಸಿನಲ್ಲಿ ಕೂತು ಸುತ್ತುತ್ತವೆ, ಮನುಷ್ಯರು ಮರದ ಕೆಳಗೆ ಅಂಗಾತ ಮಲಗಿ ಆಕಳಿಸುತ್ತಾರೆ. ಡ್ರೈವರ್ ಸಿಂಹಕ್ಕೆ ಕನ್ನಡಕ ಇದೆ. ಒಂದು ಮರದಲ್ಲಿ ಮಂಡಕ್ಕಿ ಬಿಡುತ್ತದೆ, ಗಾಳಿ ಬಂದರೆ ಸುರಿಯುತ್ತದೆ. ಅಲ್ಲಿನ ರಾಣಿ ಥೇಟ್ ನಮ್ಮ ಗಣಿತದ ಮಿಸ್ಸು, ಆದರೆ ಬಯ್ಯುವುದಿಲ್ಲ. ಪಲ್ಲವಿ ಮನೆಗೆ ಬಂದವಳೇ ಉದ್ದನೆಯ ನೋಟ್‌ಬುಕ್ಕಿನಲ್ಲಿ ಇಷ್ಟನ್ನೂ ಬಿಡಿಸಿದಳು. ಸಿಂಹದ ಮುಖದಲ್ಲಿ ಬಸ್ಸು ಓಡಿಸುವವರಿಗೆ ಇರುವ ಆ ಒಂದು ಬೇಸರವಿದೆಯಲ್ಲ, ಅದನ್ನೂ ತಂದಿದ್ದಳು. ನೋಡಿ ನನಗೇ — ಇದ್ದರೂ ಇರಬಹುದೇನೋ ಅನ್ನಿಸಿತು.

ಹೋಗುವ ದಾರಿಯನ್ನೂ ಕೇಳಿದಳು. ಏಳನೆಯ ದ್ವೀಪದ ದೀಪಸ್ತಂಭದ ಮೇಲೆ ನಿಂತು ಇಪ್ಪತ್ತೊಂದು ಸಲ ಹಾರಬೇಕು ಎಂದೆ. ಹಾರಿದಳು, ಬಾಗಿಲು ತೆರೆಯಲಿಲ್ಲ. ಕಣ್ಣು ಮಿಟುಕಿಸಿದೆ, ಅದಕ್ಕೇ ಎಂದೆ. ಮಾರನೆಯ ದಿನ ಕಣ್ಣಲ್ಲಿ ನೀರು ಸುರಿಸಿಕೊಂಡು ಹಾರಿದಳು. ಇವತ್ತು ಅಮಾವಾಸ್ಯೆ ಎಂದೆ. ಆಮೇಲೆ ಈರುಳ್ಳಿ ತಿಂದಿದ್ದೀಯ ಎಂದೆ. ಎಡಗೈಯಲ್ಲಿ ಮೌಸ್ ಹಿಡಿಯಬೇಕು ಎಂದೆ. ನನ್ನ ತಲೆ ಆ ವಯಸ್ಸಿನಲ್ಲಿ ಗಣಿತಕ್ಕೆ ಇಷ್ಟು ಓಡಿದ್ದರೆ ನಾನು ಇವತ್ತು ಎಲ್ಲೋ ಇರುತ್ತಿದ್ದೆ.

ಅಷ್ಟಕ್ಕೇ ನಿಂತಿದ್ದರೆ ಮಕ್ಕಳಾಟ. ಆದರೆ ನಮ್ಮ ಮನೆಯಲ್ಲಿ ಅಜ್ಜಿ ಇದ್ದರು. ಕಾಶಿಗೆ ಹೋದವರು ತಿನ್ನುವ ಒಂದು ಪದಾರ್ಥವನ್ನು ಬಿಟ್ಟುಬರುವುದು ಪದ್ಧತಿ. ಅಜ್ಜಿಯ ಜೊತೆ ಹೋದವರೆಲ್ಲ ಜಾಣರು, ಹಾಗಲಕಾಯಿ ಬಿಟ್ಟುಬಂದಿದ್ದರು. ಅಜ್ಜಿ ಮಾತ್ರ ತಮಗೆ ಪ್ರಾಣವಾದ ಹಲಸಿನ ಹಣ್ಣನ್ನು ಬಿಟ್ಟಿದ್ದರು. “ಹಾಗಲಕಾಯಿ ಬಿಡೋದೂ ಒಂದು ಬಿಡೋದೇನೇ? ಇಷ್ಟ ಇರೋದನ್ನ ಬಿಡ್ಬೇಕು ಕಣೇ. ಆಗ್ಲೇ ಆ ಶಿವ ತಿರುಗಿ ನೋಡೋದು” ಎನ್ನುವರು. ನಾನು ಈ ಮಾತನ್ನು ನೂರು ಸಲ ಕೇಳಿ ಮರೆತಿದ್ದೆ. ಪಲ್ಲವಿ ಒಂದೇ ಸಲ ಕೇಳಿಸಿಕೊಂಡಿದ್ದಳು.

ಬಸವ ಜಯಂತಿಯ ದಿನ ಮನೆಯಲ್ಲಿ ಹೋಳಿಗೆ. ಎಲ್ಲರ ಎಲೆಗೂ ಬಿದ್ದು, ಮೇಲೆ ತುಪ್ಪವೂ ಬಿದ್ದಿತ್ತು. ಈ ಹುಡುಗಿ ಎದ್ದು ದೇವರ ಕೋಣೆಯ ಮುಂದೆ ಕೈಮುಗಿದು ನಿಂತು, ಗಟ್ಟಿಯಾಗಿ, “ಎಂಟನೇ ದ್ವೀಪ ಸಿಗೋವರ್ಗೂ ನಾನು ಹೋಳಿಗೆ ಬಿಟ್ಟಿದೀನಿ” ಅಂದುಬಿಟ್ಟಳು. ದೊಡ್ಡವರು ನಕ್ಕರು. ಅಜ್ಜಿ ಮಾತ್ರ ನಗಲಿಲ್ಲ, ಅವಳ ತಲೆಯ ಮೇಲೆ ಕೈಯಿಟ್ಟು, “ಬಿಟ್ಟದ್ದು ಬಿಟ್ಟದ್ದೇ, ನೋಡು ಮತ್ತೆ” ಎಂದರು. ನಿಜ ಗೊತ್ತಿದ್ದವಳು ನಾನೊಬ್ಬಳೇ. ಆಗ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ — ಅಷ್ಟರಲ್ಲಿ ಅಮ್ಮ ಪಲ್ಲವಿಯ ಎಲೆಯಿಂದ ಹೋಳಿಗೆ ಎತ್ತಿ ನನ್ನ ಎಲೆಗೆ ಹಾಕಿದಳು. ತೆರೆದ ಬಾಯಿಗೆ ಅದೇ ಹೋಯಿತು.

ಎರಡು ದಿನದಲ್ಲಿ ಮರೆತು ತಿನ್ನುತ್ತಾಳೆ ಅಂದುಕೊಂಡಿದ್ದೆ. ಎರಡು ದಿನ ಎರಡು ವರ್ಷವಾಯಿತು. ಯುಗಾದಿ, ಗೌರಿ, ದೀಪಾವಳಿ, ಊರವರ ಮದುವೆ, ನಾಮಕರಣ — ಎಲ್ಲಿ ಹೋಳಿಗೆಯಿದ್ದರೂ ಅವಳ ಪಾಲು ನನ್ನ ಎಲೆಗೆ. ಅದೇ ಒಂದು ಶಾಸ್ತ್ರದ ಹಾಗಾಗಿಬಿಟ್ಟಿತು. ಬಡಿಸುವವರು ಕೇಳುತ್ತಲೂ ಇರಲಿಲ್ಲ. ರುಚಿಯಾಗಿರುತ್ತಿತ್ತು, ಸುಳ್ಳೇಕೆ ಹೇಳಲಿ. ನನ್ನ ರವಿಕೆ ಹೊಲಿಯುವಾಕೆಗೆ ಮಾತ್ರ ಇದರ ಪರಿಣಾಮ ಚೆನ್ನಾಗಿ ಗೊತ್ತು.

ಅವಳ ಮದುವೆ ಗೊತ್ತಾದಾಗ ಇದು ಅಪಾಯಕ್ಕೇ ಬಂದಿತ್ತು. ಹುಡುಗನ ಮನೆಯೂ ಭದ್ರಾವತಿಯಲ್ಲೇ. ಮೊದಲ ಸಲ ಊಟಕ್ಕೆ ಕರೆದವರು ಹೋಳಿಗೆಯನ್ನೇ ಮಾಡಿಸಿದ್ದರು.

“ಬೇಡ ಅತ್ತೆ, ಬಿಟ್ಟಿದೀನಿ” ಎಂದಳು ಪಲ್ಲವಿ.

“ಇಷ್ಟು ಚಿಕ್ಕ ವಯಸ್ಸಿಗೇ ಕಾಶಿಗೆ ಹೋಗಿದ್ಯೇನಮ್ಮಾ?”

“ಇಲ್ಲ ಅತ್ತೆ. ದ್ವೀಪ ಸಿಕ್ಕಿಲ್ಲ.”

ಹುಡುಗನ ತಾಯಿಯ ಕೈಯಲ್ಲಿ ಸೌಟು ಹಾಗೇ ನಿಂತಿತು. ಹುಡುಗಿಗೆ ಶುಗರ್ ಇದೆ, ಮುಚ್ಚಿಡುತ್ತಿದ್ದಾರೆ, ತಲೆಯೂ ಸ್ವಲ್ಪ ಹಾಗೇ ಇರಬೇಕು ಎಂದು ಗುಸುಗುಸು ಹಬ್ಬಿತು. ಮದುವೆ ಮುರಿಯುವ ಹಂತ. ಆಗ ಚಿಕ್ಕಮ್ಮ ಅಳುತ್ತಾ ಫೋನ್ ಮಾಡಿದ್ದು ಯಾರಿಗೆ? ಲ್ಯಾಬಿನಲ್ಲಿರುವ ನನಗೆ. ಶುಗರ್ ಇಲ್ಲವೆಂದು ಒಂದು ರಿಪೋರ್ಟ್ ಬೇಕಂತೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ನನ್ನೆದುರು ತೋಳು ಚಾಚಿ ಕೂತಳು ಪಲ್ಲವಿ.

“ನೋವಾಗುತ್ತಾ ಅಕ್ಕ?”

“ಇಲ್ಲ ಕಣೇ.”

“ನೀನು ಹೇಳಿದ ಮೇಲೆ ಸರಿ” ಎಂದು ಕಣ್ಣು ಮುಚ್ಚಿದಳು.

ನನ್ನ ಸೂಜಿ ಗುರಿ ತಪ್ಪಿದ್ದು ಅದೊಂದೇ ಸಲ. ಎರಡು ಕಡೆ ಚುಚ್ಚಬೇಕಾಯಿತು. ಆಗಲೂ ಹೇಳಲಿಲ್ಲ. ರಿಪೋರ್ಟ್ ಕೊಟ್ಟೆ, ಮದುವೆ ಆಯಿತು, ಮದುವೆಯಲ್ಲಿ ಅವಳ ಪಾಲನ್ನೂ ತಿಂದೆ.

ಅದಕ್ಕೂ ಮುಂಚೆ ಒಂದು ದಿನ ಆ ಆಟವೇ ನಿಂತುಹೋಗಿತ್ತು. ಕಂಪನಿಯವರು ಮುಚ್ಚಿದರು. ಪಲ್ಲವಿ ಫೋನಿನಲ್ಲಿ ಅತ್ತಿದ್ದಳು, “ಇನ್ನು ಸಿಗೋದೇ ಇಲ್ಲ ಅಲ್ವಾ ಅಕ್ಕ?” ನಾನು “ಪಾಪ” ಎಂದಿದ್ದೆ. ಪಾಪ! ನೋಡಿ ನನ್ನ ಧಿಮಾಕು.

ಈಗ ಎರಡು ವರ್ಷದಿಂದ ಬೇರೆ ಕಥೆ. ಆ ಆಟ ಆಡಿ ಬೆಳೆದವರು ಎಲ್ಲೆಲ್ಲಿಯೋ ಇದ್ದವರು ಆನ್‌ಲೈನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದಾರೆ. ಎಲ್ಲರಿಗೂ ಮೀಸೆ ಬಂದಿದೆ, ಮಕ್ಕಳಾಗಿವೆ, ಆದರೂ ಒಬ್ಬಳು ದಿಂಬಿನ ಮೇಲೆ ಆ ಕರಡಿಯ ಕಸೂತಿ ಹಾಕುತ್ತಾಳೆ, ಒಬ್ಬ ದೀಪಸ್ತಂಭದ ಸಂಗೀತವನ್ನು ಪಿಟೀಲಿನಲ್ಲಿ ಬಾರಿಸುತ್ತಾನೆ. ಅವರಲ್ಲೇ ನಾಲ್ಕಾರು ಜನ ಹಳೆಯ ಫೈಲುಗಳನ್ನು ಹುಡುಕಿ ಆಟವನ್ನು ಮತ್ತೆ ಕಟ್ಟುತ್ತಿದ್ದಾರೆ. ಪಲ್ಲವಿ ಈಗ ಭದ್ರಾವತಿಯಲ್ಲಿ ನರ್ಸರಿ ಟೀಚರ್. ಅವಳು ತನ್ನ ಹಳೆಯ ನೋಟ್‌ಬುಕ್ಕಿನ ಚಿತ್ರಗಳನ್ನು ಹೊಸದಾಗಿ ಬಿಡಿಸಿ, ಬಣ್ಣ ತುಂಬಿ, ಅಲ್ಲಿ ಹಾಕಿದಳು. ಬಸ್ಸಿನೊಳಗೆ ಸಿಂಹಗಳು, ಮಂಡಕ್ಕಿ ಮರ, ರಾಣಿ. ಜನ ಮುಗಿಬಿದ್ದರು. ಆದರೆ ಒಬ್ಬ ಕೇಳಿದ — ಹಳೆಯ ಫೈಲುಗಳಲ್ಲಿ ಎಂಟನೆಯ ದ್ವೀಪವೇ ಇಲ್ಲವಲ್ಲ, ನೀನು ಎಲ್ಲಿ ನೋಡಿದೆ? ನಗುವ ಮುಖಗಳನ್ನೂ ಪಕ್ಕಕ್ಕೆ ಅಂಟಿಸಿದ್ದ. ಇನ್ನಿಬ್ಬರು ಇವಳನ್ನು ಸುಳ್ಳಿ ಎಂದರು.

ನನಗೆ ಫೋನ್ ಬಂತು. “ನನ್ನ ಏನ್ ಬೇಕಾದ್ರೂ ಅನ್ಲಿ ಅಕ್ಕ. ನಿನ್ನ ಸುಳ್ಳಿ ಅಂದಂಗಾಯ್ತಲ್ಲ, ಅದು ತಡ್ಕೊಳ್ಳೋಕಾಗ್ತಿಲ್ಲ. ನೀನೇ ಒಂದ್ ಮಾತು ಬರಿ ಮಾರಾಯ್ತಿ.”

ಬರೆದೆ! ಹೌದು, ನಾನು ಕಣ್ಣಾರೆ ಕಂಡಿದ್ದೇನೆ, ಡ್ರೈವರ್ ಸಿಂಹದ ಕನ್ನಡಕದ ಒಂದು ಗಾಜು ಒಡೆದಿತ್ತು ಎಂದು ಹೊಸದೊಂದನ್ನು ಸೇರಿಸಿಯೇ ಬರೆದೆ. ನನ್ನ ಬದುಕಿನಲ್ಲಿ ಒಂದೂ ತಪ್ಪಿಲ್ಲದೆ ಇಂಗ್ಲಿಷ್ ಬರೆದದ್ದು ಆ ದಿನ ಮಾತ್ರ. ಹದಿಮೂರು ವರ್ಷದ ಹುಡುಗಿಯನ್ನು ಯಾರಾದರೂ ಕ್ಷಮಿಸಿಯಾರು. ಇಪ್ಪತ್ತೊಂಬತ್ತರ ಈ ಹೆಂಗಸಿಗೆ — ಏನು ಹೇಳುವುದು?

ಆಮೇಲಿನದು ಇನ್ನೂ ಚೆನ್ನಾಗಿದೆ. ಯಾವುದೋ ಹಿಮ ಬೀಳುವ ದೇಶದ ಮಹಾರಾಯನೊಬ್ಬ ತನಗೂ ಆ ಒಡೆದ ಗಾಜು ನೆನಪಿದೆ ಎಂದು ಬರೆದ. ಇನ್ನೊಬ್ಬಳಿಗೆ ಮಂಡಕ್ಕಿ ಮರದ ಸದ್ದು ನೆನಪಾಯಿತು. ಒಂದು ವಾರದಲ್ಲಿ ಹನ್ನೊಂದು ಜನ ಎಂಟನೆಯ ದ್ವೀಪಕ್ಕೆ ಹೋಗಿಬಂದಿದ್ದರು. ಆ ಫೈಲು ಕಳೆದುಹೋಗಿರಬೇಕು, ಚಿತ್ರಗಳಿವೆಯಲ್ಲ, ಕಟ್ಟಿಬಿಡೋಣ ಎಂದರು ಆಟ ಕಟ್ಟುವವರು. ಕಟ್ಟಿಯೂ ಬಿಟ್ಟರು.

ನಾಳೆ ಭಾನುವಾರ ಅದು ತೆರೆಯುತ್ತದೆ. ಪಲ್ಲವಿ ತನ್ನ ಅತ್ತೆ ಮನೆಯ ಪಡಸಾಲೆಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ದೀಪಸ್ತಂಭದಿಂದ ಇಪ್ಪತ್ತೊಂದು ಸಲ ಹಾರುತ್ತಾಳೆ, ಆಮೇಲೆ ಹೋಳಿಗೆ ತಿನ್ನುತ್ತಾಳೆ. ನಮಗೆಲ್ಲ ಕರೆ ಬಂದಿದೆ. ಅಮ್ಮ ಹೂರಣ ತಾನೇ ರುಬ್ಬುವುದೆಂದು ಬೆಳಿಗ್ಗೆಯೇ ಭದ್ರಾವತಿಯ ಬಸ್ಸು ಹತ್ತಿ ಹೋಗಿಯಾಗಿದೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ದ್ವೀಪ ಈಗ ನಿಜವಾಗಿಯೂ ಇದೆ. ಸುಮ್ಮನಿರುವುದೆಂದೇ ತೀರ್ಮಾನಿಸಿದ್ದೆ.

ಗುರುವಾರ ಅವಳ ದನಿ ಸಂದೇಶ ಬಂತು. “ಅಕ್ಕ, ಮೊದಲ್ನೇ ಹೋಳಿಗೆ ನಾನ್ ತಿನ್ನಲ್ಲ, ನಿಂಗೆ ತಿನ್ನಿಸ್ತೀನಿ. ನೀನಿಲ್ದೆ ಹೋಗಿದ್ರೆ ಆ ದ್ವೀಪ ಇದೆ ಅಂತಾನೇ ನಂಗೆ ಗೊತ್ತಾಗ್ತಿರ್ಲಿಲ್ಲ. ಖಾಲಿ ಹೊಟ್ಟೇಲಿ ಬಾ, ಆಯ್ತಾ?”

ಲ್ಯಾಬಿನ ಫ್ರಿಜ್ಜಿನ ಹಿಂದೆ ನಿಂತು ಅತ್ತೆ. ಯಾರದೋ ರಕ್ತದ ಟ್ಯೂಬು ಕೈಯಲ್ಲೇ ಇತ್ತು. ಹದಿನಾರು ವರ್ಷ ಅವಳ ಪಾಲನ್ನು ತಿಂದದ್ದೇ ಸಾಕಿತ್ತು. ಅವಳ ಕೈಯಿಂದ ಆ ಹೋಳಿಗೆಯನ್ನು ತಿನ್ನಲು ನನ್ನಿಂದ ಆಗುವುದಿಲ್ಲ.

ಇವತ್ತು ದೇವರ ಕೋಣೆಯ ಮುಂದೆ ನಿಂತು ನಾನೂ ಹೋಳಿಗೆ ಬಿಟ್ಟೆ. ಇದನ್ನೆಲ್ಲ ತಿಳಿದ ಮೇಲೂ ಪಲ್ಲವಿ ತಾನಾಗಿಯೇ ನನ್ನ ಎಲೆಗೆ ಹಾಕುವವರೆಗೆ ಮುಟ್ಟುವುದಿಲ್ಲ. ಅವಳು ಎಂದೂ ಹಾಕದೆ ಇರಬಹುದು. ಅಜ್ಜಿ ಈಗಿಲ್ಲ, ಇದ್ದಿದ್ದರೆ ಈ ಸಲವೂ ನಗುತ್ತಿರಲಿಲ್ಲ. ನಾಳೆ ಬೆಳಿಗ್ಗೆಯ ಮೊದಲ ಬಸ್ಸಿಗೆ ಹೋಗಿ, ಈ ಹಾಳೆಗಳನ್ನು ಅವಳ ಕೈಗೆ ಕೊಟ್ಟು, ಓದಿ ಮುಗಿಸುವವರೆಗೆ ಎದುರಿಗೇ ನಿಲ್ಲುತ್ತೇನೆ.

ಪಲ್ಲೂ, ಕಾವಲಿ ಒಲೆಯ ಮೇಲೆ ಏರುವ ಮೊದಲು ಇದನ್ನು ಓದಿಬಿಡು. ಸಿಂಹಗಳ ಬಸ್ಸು, ಮಂಡಕ್ಕಿ ಮರ, ಆ ದ್ವೀಪ ಎಲ್ಲ ನೀನು ಬಿಡಿಸಿದ್ದಕ್ಕೇ ಆದದ್ದು, ನಿನ್ನವೇ. ನಾನು ಅಲ್ಲಿಗೆ ಹೋಗಿರಲಿಲ್ಲ ಕಣೇ. ಆ ಕರಡಿಯನ್ನು ನಾನು ಇವತ್ತಿಗೂ ದಾಟಿಲ್ಲ.